ಎಡಗೈಗೆ ಎರಡು ಲಿವರ್

2025ರ ಜೂನ್‌ನಲ್ಲಿ ಬ್ರಿಟನ್ನಿನ ಎಫ್-35ಬಿ ಯುದ್ಧವಿಮಾನ ತಿರುವನಂತಪುರದಲ್ಲಿ ಇಳಿದು, ಐದು ವಾರ ಅಲ್ಲೇ ಉಳಿದಿತ್ತು. ನೆನಪಿರಬಹುದು. ಹೆಲಿಕಾಪ್ಟರ್ ಹಾಗೆ ನೆಟ್ಟಗೆ ಕೆಳಗಿಳಿಯಬಲ್ಲ ವಿಮಾನ ಅದು. ಹಾಗೆ ಇಳಿಸುವಾಗ ಪೈಲಟ್‌ನ ಕೈಗೆ ಎಷ್ಟು ಕೆಲಸ ಇರುತ್ತೆ? ಇವತ್ತು ಅದನ್ನೇ ಮಾತಾಡೋಣ.

ಮೊದಲು ಹಳೆಯ ಹ್ಯಾರಿಯರ್. ನಮ್ಮ ನೌಕಾಪಡೆ 2016ರವರೆಗೆ ಹಾರಿಸಿದ ಸೀ ಹ್ಯಾರಿಯರ್ ಇದೇ ಕುಟುಂಬದ್ದು. ಒಂದೇ ಎಂಜಿನ್, ಗಾಳಿ ರಭಸದಿಂದ ಹೊರನುಗ್ಗುವ ನಾಲ್ಕು ಮೂತಿ. ಅವನ್ನು ಹಿಂದಕ್ಕೆ ತಿರುಗಿಸಿದರೆ ವಿಮಾನ ಮುಂದೋಡುತ್ತೆ, ಕೆಳಕ್ಕೆ ತಿರುಗಿಸಿದರೆ ನಿಂತಲ್ಲೇ ತೇಲುತ್ತೆ. ಪೈಲಟ್‌ನ ಎಡಗೈಗೆ ಅಕ್ಕಪಕ್ಕ ಎರಡು ಲಿವರ್: ಒಂದು ಎಂಜಿನ್ ಬಲಕ್ಕೆ, ಇನ್ನೊಂದು ಮೂತಿಗಳ ಕೋನಕ್ಕೆ. ನೆಲ ಹತ್ತಿರವಿದ್ದಾಗ ಒಂದರ ಬದಲು ಇನ್ನೊಂದನ್ನು ಎಳೆದರೆ ತಿದ್ದಿಕೊಳ್ಳಲು ಸಮಯವೇ ಇರಲ್ಲ. ಪಕ್ಕದಿಂದ ಗಾಳಿ ಬಡಿದರೆ ವಿಮಾನ ಮಗುಚುವ ಭಯ ಬೇರೆ. ಅದಕ್ಕೇ ಮುಂದಿನ ಗಾಜಿನ ಎದುರು ಒಂದು ಪುಟ್ಟ ಗಾಳಿಸೂಚಿ. ಅದು ಓರೆಯಾದರೆ ಮೂಗನ್ನು ಗಾಳಿಯತ್ತ ತಿರುಗಿಸಬೇಕು.

ಈ ಹೊರೆ ಇಳಿಸೋಕೆ ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಯಿತು. ಎರಡು ಸೀಟಿನ ಒಂದು ಹ್ಯಾರಿಯರ್‌ನಲ್ಲಿ ಹಿಂದಿನ ಪೈಲಟ್ ಕಂಪ್ಯೂಟರ್ ಮೂಲಕ ಹಾರಿಸುತ್ತಿದ್ದರು. ಏನಾದರೂ ಎಡವಟ್ಟಾದರೆ ಎಂದು ಮುಂದಿನ ಪೈಲಟ್ ಕೈಯಲ್ಲಿ ಹಳೆಯ ಲಿವರ್‌ಗಳೇ ಇರುತ್ತಿದ್ದವು.

ಅದರ ಫಲ ಎಫ್-35ಬಿಯಲ್ಲಿ ಕಾಣುತ್ತೆ. ಇದರಲ್ಲಿ ಮೂತಿಗೆಂದೇ ಪ್ರತ್ಯೇಕ ಲಿವರ್ ಇಲ್ಲ. ತೇಲುವಾಗ ಬಲಗೈ ಕೋಲನ್ನು ಹಿಂದಕ್ಕೆಳೆದರೆ ಮೇಲಕ್ಕೆ, ಮುಂದೆ ತಳ್ಳಿದರೆ ಕೆಳಕ್ಕೆ. ಮುಂದೆ-ಹಿಂದೆ ಹೋಗುವುದು ಎಡಗೈ ಕೆಲಸ. ಎರಡೂ ಕೈ ಬಿಟ್ಟರೆ? ವಿಮಾನ ಇದ್ದಲ್ಲೇ ನಿಲ್ಲುತ್ತೆ. ಮಾಹಿತಿಯೆಲ್ಲ ಹೆಲ್ಮೆಟ್‌ನ ಗಾಜಿನ ಮೇಲೇ ಮೂಡುತ್ತೆ. ಕ್ಯಾಮೆರಾಗಳ ಮೂಲಕ ಕಾಲಡಿಯ ನೆಲವೂ ಕಾಣುತ್ತೆ.

ಆದರೆ ಹೆಲಿಕಾಪ್ಟರ್ ಪೈಲಟ್‌ಗೆ ಇದು ಉಲ್ಟಾ. ಅವರಿಗೆ ಮೇಲೆ-ಕೆಳಗೆ ಎಂದರೆ ಎಡಗೈ. ಗಾಬರಿಯಾದಾಗ ಕೈ ಹಳೆಯ ಅಭ್ಯಾಸದ ಕಡೆಗೇ ಹೋಗುತ್ತೆ. ನಾಳೆ ನಗರಗಳ ಮೇಲೆ ಏರ್ ಟ್ಯಾಕ್ಸಿ ಹಾರಿಸಲು ವಿಮಾನದವರೂ ಬರ್ತಾರೆ, ಹೆಲಿಕಾಪ್ಟರ್‌ನವರೂ ಬರ್ತಾರೆ. ಸ್ಕ್ರೀನ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ಮೊದಲು ಯಾವ ಕೈಗೆ ಯಾವ ಕೆಲಸ ಅನ್ನೋದು ತೀರ್ಮಾನ ಆಗಬೇಕು. ಅದೂ ಎಲ್ಲ ಕಂಪನಿಗಳ ವಿಮಾನದಲ್ಲೂ ಒಂದೇ ಥರ ಇದ್ದರೆ ಒಳ್ಳೇದು ಅಂತ ನನಗನಿಸುತ್ತೆ. ನೀವೇನಂತೀರಿ? ಮತ್ತೆ ಸಿಗೋಣ.