ಬಿದಿರು, ಬೆತ್ತ ಮತ್ತು ಗ್ರಾಮಸಭೆಯ ಅಧಿಕಾರ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗೌರಿಹಬ್ಬದಂದು ಮೊರವಿಲ್ಲದೆ ಬಾಗಿನವಿಲ್ಲ. ಕೂಸಿನ ತೊಟ್ಟಿಲು, ಕಣದ ಜರಡಿ, ರೇಷ್ಮೆಹುಳು ಸಾಕುವ ತಟ್ಟೆ ಹಾಗೂ ಚಂದ್ರಿಕೆ, ಮದುವೆಯ ಚಪ್ಪರ, ಕಡೆಯ ಯಾತ್ರೆಯ ಚಟ್ಟ, ಇವೆಲ್ಲವೂ ಬಿದಿರಿನಿಂದಲೇ ಆದವು. ಹನ್ನೆರಡನೆಯ ಶತಮಾನದ ಮೇದರ ಕೇತಯ್ಯನವರು ಬುಟ್ಟಿ ಹೆಣೆಯುವ ಕಾಯಕದಿಂದಲೇ ದಾಸೋಹ ನಡೆಸಿದರೆಂದು ಶರಣ ಪರಂಪರೆ ಇಂದಿಗೂ ಸ್ಮರಿಸುತ್ತದೆ. ಇಷ್ಟು ಪ್ರಾಚೀನವೂ ಇಷ್ಟು ಅಗತ್ಯವೂ ಆದ ಕಸುಬನ್ನು ಹಿಡಿದ ಕುಟುಂಬಗಳು ಮಾತ್ರ ನಮ್ಮ ಗ್ರಾಮಗಳ ಕಡುಬಡವರ ಸಾಲಿನಲ್ಲೇ ಉಳಿದಿವೆ. ಇದು ಏಕೆ ಹೀಗಾಯಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಬಿದಿರು ಬಡವರ ಬಂಗಾರವೆಂಬ ಮಾತನ್ನು ಸಭೆಗಳಲ್ಲಿ ಪದೇ ಪದೇ ಕೇಳುತ್ತೇವೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಬಂಗಾರವಾದುದು ನಿಜ, ಅದು ಬಡವರದ್ದಾಗಬೇಕಾದರೆ ಕಡಿಯುವ, ಸಾಗಿಸುವ ಮತ್ತು ಮಾರುವ ಅಧಿಕಾರವೂ ಅವರದ್ದಾಗಬೇಕು. ಆ ಅಧಿಕಾರಕ್ಕೆ ಆರಂಭ ದೊರೆಯುವುದು ತಾವು ಕರೆಯುವ ಗ್ರಾಮಸಭೆಯಲ್ಲಿ. ಇದನ್ನು ಮೂರು ಸ್ಥಳಗಳ ಅನುಭವದಿಂದ ವಿವರಿಸಬಯಸುತ್ತೇನೆ.

ಬಿದಿರಿನ ಗುಣ, ಬೆತ್ತದ ಗುಣ

ಬಿದಿರು ಮರವಲ್ಲ, ಹುಲ್ಲಿನ ಜಾತಿಗೆ ಸೇರಿದುದು. ಮಳೆಗಾಲದಲ್ಲಿ ಮೂಡಿದ ಕಳಲೆ ಕೆಲವೇ ತಿಂಗಳುಗಳಲ್ಲಿ ತನ್ನ ಪೂರ್ಣ ಎತ್ತರವನ್ನು ಮುಟ್ಟುತ್ತದೆ. ಮುಂದಿನ ಎರಡು ಮೂರು ವರ್ಷಗಳಲ್ಲಿ ಬಲಿಯುತ್ತದೆ. ಬಲಿತ ಗಳಗಳನ್ನು ಆರಿಸಿ ಕಡಿದರೆ ಮೆಳೆ ಸಾಯುವುದಿಲ್ಲ, ಪ್ರತಿವರ್ಷವೂ ಹೊಸ ಗಳ ಕೊಡುತ್ತದೆ. ತೇಗಕ್ಕೆ ಕಾಯುವಂತೆ ಒಂದು ತಲೆಮಾರು ಕಾಯಬೇಕಾಗಿಲ್ಲ. ಒಂದು ಕತ್ತಿ ಹಾಗೂ ಕಲಿತ ಕೈ ಇದ್ದರೆ ಮನೆಯ ಜಗಲಿಯ ಮೇಲೆಯೇ ಅದು ವಸ್ತುವಾಗುತ್ತದೆ. ಆದುದರಿಂದಲೇ ಭೂಮಿಯಿಲ್ಲದವರಿಗೂ, ಮನೆ ಬಿಟ್ಟು ದೂರ ಹೋಗಲಾಗದ ಮಹಿಳೆಯರಿಗೂ ಇದು ಒದಗಿಬರುವ ಕಸುಬು.

ಬೆತ್ತದ ಸ್ವಭಾವ ಬೇರೆ. ಅದು ತಾಳೆಯ ಕುಲಕ್ಕೆ ಸೇರಿದ ಮುಳ್ಳುಬಳ್ಳಿ. ಏರಲು ಮರ ಬೇಕು, ಬೆಳೆಯಲು ನೆರಳು ಮತ್ತು ತೇವ ಬೇಕು. ಕಾಡು ಉಳಿದಲ್ಲಿ ಮಾತ್ರ ಬೆತ್ತ ಉಳಿಯುತ್ತದೆ. ಹೀಗಾಗಿ ಬೆತ್ತದಿಂದ ಬದುಕುವವನಿಗೆ ಕಾಡನ್ನು ಕಾಯುವುದೂ ಸ್ವಂತ ಹಿತವೇ ಆಗುತ್ತದೆ.

ಮೊದಲನೆಯ ಅನುಭವ: ಉತ್ತರ ಕನ್ನಡ

1950ರ ದಶಕದ ಕೊನೆಯಿಂದ ಉತ್ತರ ಕನ್ನಡದ ಕಾಡುಗಳ ಬಿದಿರು ಕಾಗದದ ಕಾರ್ಖಾನೆಗೆ ಹೋಗತೊಡಗಿತು. ಟನ್ನಿಗೆ ಒಂದೆರಡು ರೂಪಾಯಿಗಳಷ್ಟು ಅಲ್ಪ ದರದಲ್ಲಿ ಅದನ್ನು ಒದಗಿಸಲಾಯಿತು. ಅದೇ ಕಾಲದಲ್ಲಿ ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಬೆಲೆ ತೆತ್ತು ಗಳ ಕೊಳ್ಳಬೇಕಾಗಿತ್ತು. ಬಿದಿರು ಅಕ್ಷಯವೆಂದು ಭಾವಿಸಲಾಗಿತ್ತು. ಕೆಲವು ದಶಕಗಳೊಳಗೆ ಮೆಳೆಗಳು ಬರಿದಾದವು.

ಕಾರಣವನ್ನು ಅರಸಲು 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರು ಅಲ್ಲಿ ಅಧ್ಯಯನ ನಡೆಸಿದರು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ದಟ್ಟವಾದ ಮುಳ್ಳಿನ ಹೊದಿಕೆಯಿರುತ್ತದೆ. ಮುಳ್ಳನ್ನು ಸವರಿದರೆ ಮೆಳೆ ಸಡಿಲಗೊಂಡು ಚೆನ್ನಾಗಿ ಬೆಳೆಯುತ್ತದೆಂಬುದು ಅಂದಿನ ಅರಣ್ಯ ನಿರ್ವಹಣೆಯ ನಂಬಿಕೆಯಾಗಿತ್ತು. ಮುಳ್ಳು ತೆಗೆಯಬಾರದು, ಕಳಲೆಗೆ ಅದೇ ಬೇಲಿ ಎಂದು ಸ್ಥಳೀಯ ಜನರು ಹೇಳುತ್ತಿದ್ದರು. ಅಧ್ಯಯನದಿಂದ ಜನರ ಮಾತೇ ನಿಜವೆಂದು ಸಿದ್ಧವಾಯಿತು. ಮುಳ್ಳು ಸವರಿದ ಮೆಳೆಗಳಲ್ಲಿ ಎಳೆಯ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಹಾಕುತ್ತಿದ್ದವು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ತಿಳಿವಳಿಕೆ ಗ್ರಾಮದಲ್ಲಿತ್ತು, ತೀರ್ಮಾನ ಬೇರೆಡೆಯಲ್ಲಿತ್ತು. ಅವೆರಡರ ನಡುವಿನ ಅಂತರದಲ್ಲಿ ಕಾಡೂ ನಷ್ಟವಾಯಿತು, ಕಸುಬೂ ಸೊರಗಿತು.

ಎರಡನೆಯ ಅನುಭವ: ಇಂಡೋನೇಷ್ಯಾದ ಬೆತ್ತದ ತೋಟಗಳು

ಜಗತ್ತಿನಲ್ಲಿ ಅತಿ ಹೆಚ್ಚು ಬೆತ್ತ ದೊರೆಯುವ ದೇಶ ಇಂಡೋನೇಷ್ಯಾ. ಅಲ್ಲಿನ ಪೂರ್ವ ಕಾಲಿಮಂಟಾನ್ ಪ್ರಾಂತದ ದಯಾಕ್ ಜನರು ಕುಮರಿ ಬೇಸಾಯ ಮಾಡುವವರು. ಕಾಡನ್ನು ಸವರಿ ಒಂದೆರಡು ವರ್ಷ ಭತ್ತ ಬೆಳೆದ ನಂತರ ಆ ನೆಲದಲ್ಲಿ ಬೆತ್ತದ ಸಸಿಗಳನ್ನು ನೆಟ್ಟು ಬಿಡುತ್ತಾರೆ. ಮರಗಳು ಮತ್ತೆ ಬೆಳೆಯುತ್ತವೆ, ಬೆತ್ತ ಅವುಗಳನ್ನು ಏರುತ್ತದೆ. ಏಳೆಂಟು ವರ್ಷಗಳ ಬಳಿಕ ಕೊಯ್ಲು ಆರಂಭವಾಗಿ ಹಲವು ವರ್ಷ ಮುಂದುವರಿಯುತ್ತದೆ. ಹಣದ ಅಗತ್ಯ ಬಿದ್ದಾಗ ಕೊಯ್ದು ಮಾರುವ ಈ ತೋಟವೇ ಅವರ ಉಳಿತಾಯದ ಪೆಟ್ಟಿಗೆ.

1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಸರ್ಕಾರ ಕಚ್ಚಾ ಬೆತ್ತದ ರಫ್ತನ್ನು ನಿಷೇಧಿಸಿತು. ದೇಶದೊಳಗೇ ಪೀಠೋಪಕರಣಗಳ ಉದ್ಯಮ ಬೆಳೆಯಲಿ, ಉದ್ಯೋಗ ಹೆಚ್ಚಲಿ ಎಂಬುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಕಾರ್ಖಾನೆಗಳು ಬಹುಪಾಲು ಜಾವಾ ದ್ವೀಪದಲ್ಲಿದ್ದವು, ಬೆಳೆಗಾರರು ಕಾಲಿಮಂಟಾನಿನಲ್ಲಿದ್ದರು. ಕೊಳ್ಳುವವರ ಸಂಖ್ಯೆ ಕುಗ್ಗಿದೊಡನೆ ಬೆಳೆಗಾರನ ಕೈಗೆ ಸಿಗುವ ಬೆಲೆ ಕುಸಿಯಿತು. 2012ರ ಆರಂಭದಿಂದ ಅಂತಹ ನಿಷೇಧ ಮತ್ತೊಮ್ಮೆ ಜಾರಿಗೆ ಬಂದಿತು. ಬೆಲೆ ಇಲ್ಲದ ತೋಟವನ್ನು ಉಳಿಸಿಕೊಳ್ಳಲು ರೈತನಿಗೆ ಕಾರಣವಿರುವುದಿಲ್ಲ.

ಮೌಲ್ಯವರ್ಧನೆ ಎಂಬ ಪದವನ್ನು ನಾವೂ ಪ್ರತಿ ಸಭೆಯಲ್ಲಿ ಬಳಸುತ್ತೇವೆ. ವರ್ಧಿಸಿದ ಮೌಲ್ಯ ಯಾರ ಮನೆ ಸೇರುತ್ತದೆ ಎಂಬ ಪ್ರಶ್ನೆಯನ್ನೂ ಜೊತೆಯಲ್ಲೇ ಕೇಳಬೇಕೆಂದು ಈ ಅನುಭವ ತಿಳಿಸುತ್ತದೆ.

ಮೂರನೆಯ ಅನುಭವ: ಮೇಂಢಾ-ಲೇಖಾ

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಸುಮಾರು ನೂರು ಮನೆಗಳ ಗೊಂಡ ಆದಿವಾಸಿ ಗ್ರಾಮ. ಗ್ರಾಮದ ಸುತ್ತ ಸುಮಾರು 1,800 ಹೆಕ್ಟೇರ್ ಅರಣ್ಯವಿದ್ದು, ಅದರಲ್ಲಿ ಬಿದಿರು ಹೇರಳವಾಗಿದೆ. ಅಲ್ಲಿನ ಗ್ರಾಮಸಭೆ ಬಹುಮತದಿಂದ ತೀರ್ಮಾನಿಸುವುದಿಲ್ಲ. ಎಲ್ಲರ ಒಪ್ಪಿಗೆ ದೊರೆಯುವವರೆಗೂ ಚರ್ಚೆ ಮುಂದುವರಿಯುತ್ತದೆ. ಕಾನೂನುಗಳನ್ನು ಒಟ್ಟಾಗಿ ಕುಳಿತು ಓದಿ ಅರಿಯಲು ಅಧ್ಯಯನ ಗುಂಪುಗಳನ್ನು ಅವರು ಕಟ್ಟಿಕೊಂಡಿದ್ದರು. ಈ ಕಾರ್ಯದಲ್ಲಿ ದೇವಾಜಿ ತೋಫಾ ಅವರು ಮುಂದಾಳಾಗಿದ್ದರು.

2006ರ ಅರಣ್ಯ ಹಕ್ಕುಗಳ ಕಾಯ್ದೆ ಬಂದಾಗ ಈ ಗ್ರಾಮ ಸಿದ್ಧವಾಗಿತ್ತು. 2009ರಲ್ಲಿ ಅದಕ್ಕೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಆದರೆ ಬಿದಿರು ಮಾರಲು ಹೊರಟಾಗ ಸಾಗಾಣಿಕೆಯ ರಹದಾರಿ ದೊರೆಯಲಿಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರವೆಂದು ಎಣಿಸಿದ್ದರೆ, 2006ರ ಕಾಯ್ದೆ ಅದನ್ನು ಕಿರು ಅರಣ್ಯ ಉತ್ಪನ್ನವೆಂದು ಹೇಳಿತ್ತು. ಹಕ್ಕುಪತ್ರ ಕೈಯಲ್ಲಿದ್ದರೂ ಗಳ ಊರಿನ ಗಡಿ ದಾಟುವಂತಿರಲಿಲ್ಲ. ಗ್ರಾಮಸಭೆ ಪಟ್ಟು ಸಡಿಲಿಸಲಿಲ್ಲ. 2011ರ ಏಪ್ರಿಲ್ 27ರಂದು ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಅದೇ ಗ್ರಾಮಕ್ಕೆ ಬಂದು ರಹದಾರಿ ಪುಸ್ತಕವನ್ನು ಗ್ರಾಮಸಭೆಯ ಕೈಗೊಪ್ಪಿಸಿದರು. ಅಂದಿನಿಂದ ಯಾವ ಮೆಳೆ ಕಡಿಯಬೇಕು, ಯಾರಿಗೆ ಮಾರಬೇಕು, ಯಾವ ದರಕ್ಕೆ ಮಾರಬೇಕು ಎಂಬುದು ಗ್ರಾಮಸಭೆಯ ತೀರ್ಮಾನವಾಯಿತು.

ಮೆಳೆ ಅದೇ, ಕಾಡು ಅದೇ, ಜನರೂ ಅವರೇ. ಬದಲಾದುದು ರಹದಾರಿ ಪುಸ್ತಕ ಯಾರ ಕೈಯಲ್ಲಿದೆ ಎಂಬುದು ಮಾತ್ರ.

ಕಾನೂನು ತಮಗೆ ಕೊಟ್ಟಿರುವುದು

ಮೇಂಢಾ-ಲೇಖಾ ಹೋರಾಡಿ ಪಡೆದುದನ್ನು ಇಂದು ಕಾನೂನೇ ಎಲ್ಲ ಗ್ರಾಮಗಳಿಗೂ ನೀಡಿದೆ. ಅರಣ್ಯ ಹಕ್ಕುಗಳ ಕಾಯ್ದೆಯ ಪ್ರಕಾರ ಬಿದಿರು ಮತ್ತು ಬೆತ್ತ ಎರಡೂ ಕಿರು ಅರಣ್ಯ ಉತ್ಪನ್ನಗಳು. ಅರ್ಹ ಅರಣ್ಯವಾಸಿಗಳಿಗೆ ಅವುಗಳ ಮೇಲೆ ಒಡೆತನದ ಹಕ್ಕಿದೆ; ಸಂಗ್ರಹಿಸುವ, ಬಳಸುವ, ಮಾರುವ ಹಕ್ಕಿದೆ. 2012ರ ತಿದ್ದುಪಡಿ ನಿಯಮಗಳ ಪ್ರಕಾರ ಸಂಗ್ರಹಣೆಗೆ ರಾಜಧನವಾಗಲಿ ಶುಲ್ಕವಾಗಲಿ ಇಲ್ಲ. ಸಾಗಾಣಿಕೆಯ ರಹದಾರಿಯನ್ನು ಗ್ರಾಮಸಭೆ ರಚಿಸಿದ ಸಮಿತಿಯೇ ನೀಡಬಹುದು. ನಮ್ಮದೇ ರಾಜ್ಯದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಾಮುದಾಯಿಕ ಹಕ್ಕು ಪಡೆದಿರುವುದನ್ನೂ ಇಲ್ಲಿ ನೆನೆಯಬೇಕು.

ಈ ಕಾಯ್ದೆಯ ಅಡಿಯಲ್ಲಿ ಗ್ರಾಮಸಭೆಯನ್ನು ಕರೆಯಬೇಕಾದುದು ಗ್ರಾಮ ಪಂಚಾಯತಿ. ಆ ಸಭೆ 10ರಿಂದ 15 ಸದಸ್ಯರ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು. ಅದರಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಗ್ರಾಮಸಭೆಗೆ ಒಟ್ಟು ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಜನ ಹಾಜರಿರಬೇಕು; ಹಾಜರಿದ್ದವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಾಗಿರಬೇಕು. ಸಭೆಯನ್ನೇ ಕರೆಯದಿದ್ದರೆ ಹಕ್ಕಿನ ಅರ್ಜಿಯೇ ಹುಟ್ಟುವುದಿಲ್ಲ. ಆ ಲೋಪವನ್ನು ನಾವು ಬೇರೆ ಯಾವ ಇಲಾಖೆಯ ಮೇಲೂ ಹೊರಿಸುವಂತಿಲ್ಲ.

ಕಾಡಿನ ಹೊರಗೆ, ರೈತರ ಜಮೀನಿನಲ್ಲಿ ಬೆಳೆದ ಬಿದಿರಿನ ವಿಚಾರ ಬೇರೆ. 2017ರಲ್ಲಿ ಕೇಂದ್ರ ಸರ್ಕಾರ 1927ರ ಕಾಯ್ದೆಯ ಮರದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟಿತು, ಬೆತ್ತವನ್ನು ಕೈಬಿಡಲಿಲ್ಲ. ನಮ್ಮ ರಾಜ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರತ್ಯೇಕವಾಗಿದೆ. ಆದುದರಿಂದ ಬಿದಿರು ನೆಡಲು ರೈತರಿಗೆ ಉತ್ತೇಜನ ನೀಡುವ ಮುನ್ನ, ಕಡಿಯುವ ಹಾಗೂ ಸಾಗಿಸುವ ಪ್ರಚಲಿತ ನಿಯಮವನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಿಂದ ಲಿಖಿತವಾಗಿ ಪಡೆದು ಪಂಚಾಯತಿಯ ಸೂಚನಾಫಲಕದಲ್ಲಿ ಪ್ರಕಟಿಸುವುದು ಒಳಿತು. ನೆಟ್ಟ ಮೇಲೆ ಕಡಿಯಲಾಗದೆ ಪರಿತಪಿಸುವ ಸ್ಥಿತಿ ಯಾರಿಗೂ ಬರಬಾರದು.

ಹಕ್ಕಿನೊಡನೆ ಹೊಣೆ

ಅಧಿಕಾರ ದೊರೆತೊಡನೆ ಮೆಳೆಯನ್ನೇ ಬೋಳಿಸಿದರೆ ಉತ್ತರ ಕನ್ನಡದ ಕಥೆಯನ್ನು ನಾವೇ ಮತ್ತೆ ಬರೆದಂತಾಗುತ್ತದೆ. ಗ್ರಾಮಸಭೆ ಕೆಲವು ಕಟ್ಟುಪಾಡುಗಳನ್ನು ನಿರ್ಣಯರೂಪದಲ್ಲಿ ದಾಖಲಿಸಬೇಕು. ಕಳಲೆ ಮೂಡುವ ಮಳೆಗಾಲದಲ್ಲಿ ಕಡಿಯಬಾರದು. ಒಂದು ವರ್ಷ ತುಂಬದ ಗಳವನ್ನು ಮುಟ್ಟಬಾರದು. ನೆಲದಿಂದ ಒಂದು ಗೇಣಿನಷ್ಟು ಬಿಟ್ಟು, ಗಿಣ್ಣಿನ ಮೇಲ್ಭಾಗದಲ್ಲಿ ನೀರು ನಿಲ್ಲದಂತೆ ಕಡಿಯಬೇಕು. ಮೆಳೆಗೆ ಆಧಾರವಾಗಿ ಬಲಿತ ಗಳಗಳನ್ನು ಸಾಕಷ್ಟು ಉಳಿಸಬೇಕು. ಬುಡದ ಮುಳ್ಳನ್ನು ಕಾಯ್ದುಕೊಳ್ಳಬೇಕು.

ಬಿದಿರು ಹಲವು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು ಸಾಯುತ್ತದೆಂಬುದು ಹಿರಿಯರಿಗೆ ತಿಳಿದ ವಿಷಯ. ಆ ವರ್ಷ ಬಿದಿರಕ್ಕಿ ಯಥೇಚ್ಛವಾಗಿ ದೊರೆಯುತ್ತದೆ. ಮರುವರ್ಷದಿಂದ ಹೆಣೆಯುವವರಿಗೆ ಗಳವೇ ಇರುವುದಿಲ್ಲ. ಬಿದ್ದ ಬೀಜದಿಂದ ಹೊಸ ಮೆಳೆ ಬೆಳೆಯುವವರೆಗೆ ಹಲವು ವರ್ಷ ದನ ಮತ್ತು ಬೆಂಕಿ ಎರಡರಿಂದಲೂ ಆ ನೆಲವನ್ನು ಕಾಯಬೇಕು. ಒಂದೇ ಜಾತಿಯನ್ನು ನೆಚ್ಚದೆ, ಹಳ್ಳದ ದಂಡೆ ಹಾಗೂ ಗೋಮಾಳದ ಅಂಚುಗಳಲ್ಲಿ ಎರಡು ಮೂರು ಜಾತಿಗಳನ್ನು ಬೆಳೆಸಿದ ಗ್ರಾಮ ಆ ಸಂಕಷ್ಟವನ್ನು ದಾಟಬಲ್ಲದು. ಹಾಗೆ ಬೆಳೆಸುವಾಗ ಸ್ಥಳೀಯ ಹೆಣೆಯುವ ಕುಟುಂಬಗಳಿಗೆ ಮೊದಲ ಪಾಲು ಎಂಬ ನಿರ್ಣಯ ಸಸಿ ನೆಡುವ ಮುನ್ನವೇ ಆಗಿರಬೇಕು. ಗಳ ಬಲಿತ ಮೇಲೆ ಚರ್ಚೆ ಆರಂಭಿಸಿದರೆ ಹರಾಜಿನಲ್ಲಿ ಹಣವುಳ್ಳವರೇ ಗೆಲ್ಲುತ್ತಾರೆ.

ಕೊಳ್ಳುವವರು ನಾವೂ ಆಗಬೇಕು

ಕಚ್ಚಾವಸ್ತು ದೊರೆತರೆ ಸಾಲದು, ಮಾರುಕಟ್ಟೆಯೂ ಬೇಕು. ಪ್ಲಾಸ್ಟಿಕ್ ಮೊರ, ಪ್ಲಾಸ್ಟಿಕ್ ಬುಟ್ಟಿ, ರೇಷ್ಮೆ ಮನೆಗಳಲ್ಲಿ ಪ್ಲಾಸ್ಟಿಕ್ ನೇತ್ರಿಕೆ ಬಂದು ಬಿದಿರಿನ ಬೇಡಿಕೆ ತಗ್ಗಿದೆ. ಇದನ್ನು ಮರೆಮಾಚಿ ಹೆಣೆಯುವವರಿಗೆ ಭರವಸೆ ನೀಡುವುದು ಸರಿಯಲ್ಲ. ಹುಳು ಹಿಡಿಯುವ ಬುಟ್ಟಿಯನ್ನು ಗಿರಾಕಿ ಎರಡನೆಯ ಸಲ ಕೊಳ್ಳುವುದಿಲ್ಲ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಗಳವನ್ನು ಸಂಸ್ಕರಿಸುವ ಸರಳ ತೊಟ್ಟಿಯೊಂದನ್ನು ಪಂಚಾಯತಿ ಮಟ್ಟದಲ್ಲಿ ನಿರ್ಮಿಸಿದರೆ ಹತ್ತಾರು ಕುಟುಂಬಗಳಿಗೆ ಉಪಯೋಗವಾದೀತು. ಹೆಣೆಯುವ ಮಹಿಳೆಯರ ಸ್ವಸಹಾಯ ಸಂಘ ಒಟ್ಟಾಗಿ ಗಳ ಕೊಂಡು ಒಟ್ಟಾಗಿ ಮಾರಿದರೆ ಮಧ್ಯವರ್ತಿಯ ಸಾಲದ ಹಿಡಿತ ಸಡಿಲವಾಗುತ್ತದೆ.

ಗ್ರಾಮ ಪಂಚಾಯತಿಯೂ ಒಬ್ಬ ಗಿರಾಕಿಯೇ. ಸಸಿಗಳ ರಕ್ಷಣೆಯ ಬುಟ್ಟಿಬೇಲಿ, ಕಚೇರಿ ಹಾಗೂ ಶಾಲೆಯ ಕಸದ ಬುಟ್ಟಿ, ಉತ್ಸವದ ಚಪ್ಪರ, ಇವನ್ನು ಖರೀದಿ ನಿಯಮಗಳಿಗೆ ಒಳಪಟ್ಟು ನಮ್ಮ ಗ್ರಾಮದ ಹೆಣೆಯುವವರಿಂದಲೇ ಪಡೆಯುವ ನಿರ್ಣಯ ಕೈಗೊಳ್ಳಬಹುದು. ನಮ್ಮ ವ್ಯಾಪ್ತಿಯಲ್ಲಿ ಹೆಣೆಯುವ ಕುಟುಂಬಗಳೆಷ್ಟು, ಅವರಿಗೆ ಗಳ ಎಲ್ಲಿಂದ ಬರುತ್ತದೆ, ಒಂದು ಗಳಕ್ಕೆ ಎಷ್ಟು ತೆರುತ್ತಾರೆ, ಒಂದು ಮೊರಕ್ಕೆ ಎಷ್ಟು ಪಡೆಯುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರುವ ಒಂದು ವಹಿ ಪ್ರತಿ ಪಂಚಾಯತಿಯಲ್ಲಿಯೂ ಇರಲೆಂದು ನನ್ನ ಕೋರಿಕೆ. ಆ ವಹಿ ಇಲ್ಲದೆ ಮಾಡುವ ಯಾವ ಯೋಜನೆಯೂ ಊಹೆಯ ಮೇಲೆ ನಿಂತಿರುತ್ತದೆ.

ಮಾನ್ಯ ಸದಸ್ಯರೇ, ಬಿದಿರೊಂದರಿಂದಲೇ ಗ್ರಾಮದ ಬಡತನವೆಲ್ಲ ನೀಗುತ್ತದೆಂದು ನಾನು ಹೇಳಲಾರೆ. ಆದರೆ ಕಾಡಂಚಿನ ಗ್ರಾಮವೊಂದರಲ್ಲಿ ಇಪ್ಪತ್ತು ಕುಟುಂಬಗಳು ಭಯವಿಲ್ಲದೆ ಗಳ ತಂದು, ಸಾಲವಿಲ್ಲದೆ ಹೆಣೆದು, ನ್ಯಾಯವಾದ ಬೆಲೆಗೆ ಮಾರುವಂತಾದರೆ ಅದು ಸಣ್ಣ ಕಾರ್ಯವಲ್ಲ. ಅದಕ್ಕೆ ಮೊದಲ ಹೆಜ್ಜೆ ದೊಡ್ಡ ಅನುದಾನವಲ್ಲ; ಒಂದು ದಿನಾಂಕ, ಒಂದು ಡಂಗುರ, ಒಂದು ಗ್ರಾಮಸಭೆ. ಈ ಕಾರ್ಯಾಗಾರದಿಂದ ಹಿಂದಿರುಗಿದ ಮೇಲೆ ತಮ್ಮ ಪಂಚಾಯತಿಯ ಮುಂದಿನ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲಿನ ಸ್ಥಳ ನೀಡಬೇಕೆಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.