ಬೇಲಿಯ ಗೌರಿ ಹೂ



ಭಾದ್ರಪದ ಬಂತೆಂದರೆ ಮಲೆನಾಡಿನ ಬೇಲಿಗಳಲ್ಲಿ ಗೌರಿ ಹೂ ಅರಳುತ್ತದೆ. ಯಾರೂ ನೆಟ್ಟದ್ದಲ್ಲ. ಎಲೆಯ ತುದಿಯನ್ನೇ ಸುರುಳಿ ಮಾಡಿ, ಪಕ್ಕದ ಗಿಡವನ್ನು ಹಿಡಿದು ಮೇಲೇರುವ ಬಳ್ಳಿ ಅದು. ಹೂವಿನ ಮುಖ ನೆಲದ ಕಡೆಗೆ. ಆರು ಎಸಳುಗಳು ಮಾತ್ರ ಹಿಂದಕ್ಕೆ ಬಾಗಿ ಆಕಾಶ ನೋಡುತ್ತವೆ. ಅರಳುವಾಗ ಹಸಿರು, ಹಳದಿ. ದಿನ ಕಳೆದಂತೆ ಕೆಂಡದ ಕೆಂಪು.

ಅದಕ್ಕೆ ಅಗ್ನಿಶಿಖೆ ಎಂಬ ಹೆಸರೂ ಇದೆ. ಚೆಂದದ ಹೆಸರೇ. ಆದರೂ ನನಗೆ ಗೌರಿ ಹೂ ಎನ್ನುವುದೇ ಇಷ್ಟ. ಅದು ರೂಪ ನೋಡಿ ಇಟ್ಟದ್ದಲ್ಲ, ಹಬ್ಬದ ಹೊತ್ತಿಗೆ ಬರುತ್ತದಲ್ಲ, ಆ ನಂಬಿಕೆಗೆ ಇಟ್ಟದ್ದು.

ಹಾಗೆಂದು ಸಾಧು ಗಿಡವೇನಲ್ಲ. ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ, ತಿಂದರೆ ಜೀವಕ್ಕೇ ಅಪಾಯ. ವೈದ್ಯರು ಅಳೆದು ಕೊಟ್ಟಾಗ ಅದೇ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿಗೆ ಮದ್ದು.

ಮಳೆಗಾಲ ಕಳೆದ ಮೇಲೆ ಬಳ್ಳಿ ಒಣಗಿಹೋಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಏನೂ ಕಾಣದು. ಗೆಡ್ಡೆ ಮಾತ್ರ ಮಣ್ಣೊಳಗೆ ಮುಂದಿನ ಮಳೆಗೆ ಕಾದಿರುತ್ತದೆ. ಕತ್ತಿಯಿಂದ ಬೇಲಿ ಸವರಿದರೆ ಚಿಂತೆಯಿಲ್ಲ, ಮತ್ತೆ ಚಿಗುರೀತು. ಕಾಂಪೌಂಡ್ ಕಟ್ಟಲು ಜೆಸಿಬಿ ತರಿಸುವವರು ಮಾತ್ರ ಮೊದಲು ಆ ಗೆಡ್ಡೆಯನ್ನು ತೆಗೆದು ಪಕ್ಕಕ್ಕೆ ನೆಟ್ಟುಬಿಡಿ. ತೆಗೆದ ಮೇಲೆ ಕೈ ತೊಳೆಯಲು ಮರೆಯಬೇಡಿ.