ಬರಿ ಅಮ್ಮನದು, ರಕ್ತ ಇಬ್ಬರದು



ಮಂಗಳೂರಿನ ಕದ್ರಿಯಲ್ಲಿ ಒಂದೇ ಬೀದಿಯ ಮನೆಗಳಲ್ಲಿ ವಂಶದ ಲೆಕ್ಕ ಎರಡು ಬಗೆ. ಮಕ್ಕಳಕಟ್ಟಿನ ಮನೆಯಲ್ಲಿ ಗೋತ್ರ ಅಪ್ಪನದು. ಪಕ್ಕದ ಅಳಿಯಕಟ್ಟಿನ ಮನೆಯಲ್ಲಿ ‘ಬರಿ’ ಎಂಬ ಕುಲ ಅಮ್ಮನದು. ಇದರ ಮೂಲಕ್ಕೆ ಹೇಳುವ ಕತೆ ಭೂತಾಳಪಾಂಡ್ಯನದು. ಕುಂಡೋದರ ಎಂಬ ಭೂತಕ್ಕೆ ಬಲಿಯಾಗಿ ಮಗನನ್ನು ಕೊಡಲು ಅವನ ಸೋದರಮಾವನ ಹೆಂಡತಿ ಒಪ್ಪಲಿಲ್ಲ, ತಂಗಿ ಒಪ್ಪಿದಳು. ಅಂದಿನಿಂದ ಆಸ್ತಿ ಅಳಿಯನಿಗೆ. 1949ರಲ್ಲಿ ಮದ್ರಾಸ್ ಸರಕಾರ ಅಳಿಯಸಂತಾನ ಕಾಯಿದೆ ತಂದು ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳುವ ಹಕ್ಕು ಕೊಟ್ಟಿತು. ಬರಿ ಮಾತ್ರ ಇವತ್ತಿಗೂ ಅಮ್ಮನದೇ.

ಹಾಗಾದರೆ ರಕ್ತದ ಗುಂಪು ಯಾವ ಕಟ್ಟಿಗೆ ಸೇರಿದ್ದು? ಎರಡಕ್ಕೂ ಅಲ್ಲ. ಇದು ಸ್ಪಷ್ಟವಾಗಲು ಯುರೋಪಿನ ಪಂಡಿತರಿಗೆ ಕಾಲು ಶತಮಾನ ಹಿಡಿಯಿತು.

1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಮತ್ತು ಜೊತೆಗಾರರ ರಕ್ತವನ್ನು ತೆಗೆದು, ಒಬ್ಬರ ಕೆಂಪುಕಣಕ್ಕೆ ಇನ್ನೊಬ್ಬರ ಸೀರಂ ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಕಣಗಳು ಗಂಟುಗಟ್ಟಿದವು, ಕೆಲವುಗಳಲ್ಲಿ ಇಲ್ಲ. ಮೂರು ಗುಂಪು ಸಿಕ್ಕಿದವು. ನಾಲ್ಕನೆಯ ಎಬಿ ಗುಂಪು ಮರುವರ್ಷ ಅವರ ಸಹೋದ್ಯೋಗಿಗಳ ಕಣ್ಣಿಗೆ ಬಿತ್ತು.

ಮನೆಮನೆಗೆ ಹೋಗಿ ಅಪ್ಪ, ಅಮ್ಮ, ಮಕ್ಕಳೆಲ್ಲರ ರಕ್ತ ನೋಡಬೇಕೆಂದು ಹೊರಟವರು ಹೈಡೆಲ್‌ಬರ್ಗಿನ ಫಾನ್ ಡುಂಗರ್ನ್ ಮತ್ತು ಲುಡ್ವಿಕ್ ಹಿರ್ಶ್‌ಫೆಲ್ಡ್. 1910ರಲ್ಲಿ 72 ಕುಟುಂಬಗಳ ಲೆಕ್ಕ ಮುಂದಿಟ್ಟರು. ತಂದೆ ತಾಯಿ ಇಬ್ಬರಲ್ಲೂ ಇಲ್ಲದ ಎ ಅಥವಾ ಬಿ ಮಗುವಿನಲ್ಲಿ ಇರಲಿಲ್ಲ. ಇದು ಸರಿಯೇ. ಆದರೆ ಎ ಮತ್ತು ಬಿ ಬೇರೆಬೇರೆ ಎರಡು ಜೀನ್‌ಗಳಿಂದ ಬರುತ್ತವೆ ಎಂದುಕೊಂಡರಲ್ಲ, ಅಲ್ಲಿ ಎಡವಿದರು.

ನಡುವೆ ಮಹಾಯುದ್ಧ ಬಂತು. ಹಿರ್ಶ್‌ಫೆಲ್ಡ್ ದಂಪತಿ ಗ್ರೀಸಿನ ಸಲೋನಿಕಾದಲ್ಲಿದ್ದರು. ಅಲ್ಲಿ ನಾನಾ ದೇಶದ ಸೈನಿಕರು ಬೀಡುಬಿಟ್ಟಿದ್ದರು, ಬ್ರಿಟಿಷರ ಕಡೆಯ ನಮ್ಮ ಭಾರತೀಯ ಸಿಪಾಯಿಗಳೂ ಇದ್ದರು. ಎಲ್ಲರ ರಕ್ತ ನೋಡಿ 1919ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಭಾರತೀಯರಲ್ಲಿ ಬಿ ಗುಂಪಿನವರು ನೂರಕ್ಕೆ 40ರ ಆಸುಪಾಸು. ಯುರೋಪಿನವರಲ್ಲಿ ಬಹಳ ಕಡಿಮೆ. ಬಿ ಹುಟ್ಟಿದ್ದೇ ಭಾರತದಲ್ಲಿ ಎಂಬ ಊಹೆಯನ್ನೂ ತೇಲಿಬಿಟ್ಟರು. ಅದು ನಿಲ್ಲಲಿಲ್ಲ, ಅಂಕಿಗಳು ನಿಂತವು. ಗಾಟಿಂಗೆನ್ನಿನ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಇಂಥ ಅಂಕಿಗಳನ್ನೇ ಇಟ್ಟುಕೊಂಡು, ಒಂದು ಹನಿ ರಕ್ತವನ್ನೂ ಮುಟ್ಟದೆ, ಎರಡು ಜೀನ್‌ಗಳ ಲೆಕ್ಕ ತಾಳೆಯಾಗುವುದಿಲ್ಲ ಎಂದು ತೋರಿಸಿದರು. ಜಾಗ ಒಂದೇ, ಅಲ್ಲಿ ಎ, ಬಿ, ಒ ಎಂಬ ಮೂರರಲ್ಲಿ ಒಂದು ಕೂರುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎ ಮತ್ತು ಬಿ ಎರಡೂ ಬಂದರೆ ಎರಡೂ ಕಾಣುತ್ತವೆ. ಒ ಬಂದದ್ದು ಇನ್ನೊಂದರ ಹಿಂದೆ ಅಡಗುತ್ತದೆ.

ನಮ್ಮ ಮನೆಗಳಲ್ಲಿ ಗಲಿಬಿಲಿಯಾಗುವುದು ಈ ಅಡಗಿದ ಒ ದಿಂದ. ಅಪ್ಪ ಎ, ಅಮ್ಮ ಬಿ, ಮಗು ಒ ಎಂದು ರಕ್ತದ ಗುಂಪಿನ ಕಾರ್ಡಿನಲ್ಲಿ ಕಂಡ ಕೂಡಲೇ ಯಾರೋ ಹುಬ್ಬೇರಿಸುತ್ತಾರೆ, ಮಾತು ಹೆಂಗಸಿನ ಮೇಲೆ ಹೋಗುತ್ತದೆ. ಇಬ್ಬರ ಬಳಿಯೂ ಒಂದೊಂದು ಒ ಅಡಗಿದ್ದರೆ ಎ, ಬಿ, ಎಬಿ, ಒ ನಾಲ್ಕೂ ಗುಂಪಿನ ಮಕ್ಕಳು ಹುಟ್ಟಬಹುದು. ಪಾಸಿಟಿವ್ ದಂಪತಿಗೆ ನೆಗೆಟಿವ್ ಮಗು ಹುಟ್ಟುವುದೂ ಹೀಗೆಯೇ. ಕಾರ್ಡು ಹೇಳುವುದು ಮೇಲೆ ಕಂಡದ್ದನ್ನು ಮಾತ್ರ.

ಅಷ್ಟೇ ಅಲ್ಲ, ಕೆಲವೊಮ್ಮೆ ಕಾರ್ಡಿನ ಒ ನಿಜವಾದ ಒ ಆಗಿರುವುದಿಲ್ಲ. 1952ರಲ್ಲಿ ಮುಂಬಯಿಯ ಡಾಕ್ಟರ್ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಒ ರಕ್ತವನ್ನೂ ತಾಳಿಕೊಳ್ಳದ ಕೆಲವರನ್ನು ಗುರುತಿಸಿದರು. ಎ, ಬಿ ಗುರುತುಗಳು ಕೂರಬೇಕಾದ ಎಚ್ ಎಂಬ ಬುಡವೇ ಅವರ ಕೆಂಪುಕಣದಲ್ಲಿ ಇರಲಿಲ್ಲ. ಹೀಗಾಗಿ ಬಿ ಜೀನ್ ಇಟ್ಟುಕೊಂಡೂ ಒ ಎನಿಸಿಕೊಂಡು, ಅದನ್ನು ಮಕ್ಕಳಿಗೆ ದಾಟಿಸಬಲ್ಲರು. ಇದೇ ಬಾಂಬೆ ಗುಂಪು. ಮುಂಬಯಿಯಲ್ಲಿ 10,000ಕ್ಕೆ ಒಬ್ಬರ ಆಸುಪಾಸು ಎನ್ನುತ್ತಾರೆ. ನಮ್ಮ ರಾಜ್ಯದಲ್ಲೂ ಇಂಥವರಿದ್ದಾರೆ.

ಇಂಥ ಅಪರೂಪದ ಗುಂಪು ಬರಬೇಕಾದರೆ ಜೀನಿನ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರಬೇಕು. ಸಂಬಂಧದೊಳಗೆ ಮದುವೆಯಾದಾಗ ಅದು ಸುಲಭ. ಬರಿ ಇಲ್ಲಿ ಕಾಪಾಡುತ್ತದೆಯೇ? ಅರ್ಧ ಮಾತ್ರ. ಅಳಿಯಕಟ್ಟಿನಲ್ಲಿ ಅಕ್ಕನ ಮಗಳು ಸೋದರಮಾವನ ಬರಿಯವಳೇ, ಆದ್ದರಿಂದ ಆ ಮದುವೆ ಕೂಡದು. ಸೋದರಮಾವನ ಮಗಳ ಬರಿ ಬೇರೆ, ಅತ್ತೆಯದು; ಆ ಮದುವೆಗೆ ಅಡ್ಡಿಯಿಲ್ಲ. ಜೀನಿಗೆ ಈ ಭೇದ ಕಾಣುವುದಿಲ್ಲ. ಅಜ್ಜ ಅಜ್ಜಿಯ ಪಾಲು ಎರಡೂ ಕಡೆ ಹರಿದಿರುತ್ತದೆ. ಮಕ್ಕಳಕಟ್ಟಿನ ಅನೇಕ ಮನೆಗಳಲ್ಲಿ ಅಕ್ಕನ ಮಗಳನ್ನೇ ತರುತ್ತಾರೆ. ಅಲ್ಲಿ ಸಂಬಂಧ ಇನ್ನೂ ಹತ್ತಿರದ್ದು.

ಒ ಏಕೆ ಅಡಗುತ್ತದೆ ಎಂಬುದೂ ತಿಳಿಯಿತು: 1990ರಲ್ಲಿ ಯಾಮಾಮೊಟೊ ತಂಡ ಒಂಬತ್ತನೆಯ ಕ್ರೋಮೋಸೋಮಿನಲ್ಲಿರುವ ಎಬಿಒ ಜೀನನ್ನೇ ಓದಿತು. ಸಾಮಾನ್ಯ ಒ ದಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಅಷ್ಟಕ್ಕೇ ಜೀನ್ ಕೆಲಸಕ್ಕೆ ಬಾರದಾಗುತ್ತದೆ.

ಈಚಿನ ಅಧ್ಯಾಯ ನಮ್ಮ ಕೋಲಾರದ್ದು. ಹೃದಯದ ಶಸ್ತ್ರಚಿಕಿತ್ಸೆಗೆಂದು ಬಂದ ಮಹಿಳೆಯೊಬ್ಬರು ಒ ಪಾಸಿಟಿವ್. ಆದರೆ ಸಿಕ್ಕ ಯಾವ ಒ ಪಾಸಿಟಿವ್ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದವರು ಮನೆಮಂದಿಯತ್ತ ತಿರುಗಿದರು. ಅದಕ್ಕೆ ಕಾರಣವಿದೆ: ಅಪ್ಪ ಅಮ್ಮನಿಂದ ಬರುವ ಅದೇ ಎರಡು ಪ್ರತಿಗಳು ಒಡಹುಟ್ಟಿದವರಿಗೂ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸುಮಾರು 20 ಮಂದಿ ಬಂಧುಗಳ ರಕ್ತ ನೋಡಿದರು. ಒಬ್ಬರದೂ ತಾಳೆಯಾಗಲಿಲ್ಲ. ಕೊನೆಗೆ ಹೊರಗಿನ ರಕ್ತವಿಲ್ಲದೆಯೇ ಶಸ್ತ್ರಚಿಕಿತ್ಸೆ ಮುಗಿಯಿತು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯಿತು. ಹತ್ತು ತಿಂಗಳ ಶೋಧದ ಬಳಿಕ ಇದು ಕ್ರೋಮರ್ ಎಂಬ ರಕ್ತಗುಂಪು ಪದ್ಧತಿಗೆ ಸೇರಿದ, ಅದುವರೆಗೆ ಯಾರಲ್ಲೂ ಕಾಣದ ಗುಂಪು ಎಂದು ತಿಳಿಯಿತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನಿನ ಸಮ್ಮೇಳನದಲ್ಲಿ ಇದನ್ನು ಕ್ರಿಬ್ ಎಂಬ ಹೆಸರಿನಲ್ಲಿ ಸಾರಿದರು.